ಇರುವೆ ನೀರು

ಜನವರಿ 7, ಮಂಗಳವಾರ

ಜ್ವರ ಬಿಟ್ಟ ಮೇಲೆ ಇಂದು ಮೊದಲ ಸಲ ಕೆಲಸಕ್ಕೆ ಹೋದೆ. ಕಾಲಿಗೆ ಇನ್ನೂ ಬಲ ಬಂದಿಲ್ಲ. ಆದರೂ ಹಾಸಿಗೆ ಮೇಲೆ ಕೂತು ತಂಗಿಯ ಕೈಯಡುಗೆ ತಿನ್ನುವುದಕ್ಕಿಂತ ಹಂಡೆಯ ಮುಂದೆ ನಿಲ್ಲುವುದೇ ಮೇಲು. ಉಪ್ಪೂ ಹಾಕುತ್ತಾಳೆ, ಖಾರವೂ ಹಾಕುತ್ತಾಳೆ, ಅದರಲ್ಲಿ ರುಚಿ ಎಂಬುದು ಮಾತ್ರ ಇರುವುದಿಲ್ಲ. ಹೇಳಿದರೆ, ಜ್ವರದ ಬಾಯಿ ನಿನ್ನದು, ನನ್ನ ಅಡುಗೆಗೆ ಯಾಕೆ ಹೆಸರಿಡುತ್ತೀಯ ಎಂದು ನನಗೇ ತಿರುಗಿಸುತ್ತಾಳೆ.

ನೂಲಿಗೆ ಬಣ್ಣ ಹಾಕುವ ಮನೆಯೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ "ಮೂಗಕ್ಕ ಬಂದ್ಲು" ಅಂದರು. ಸುಳ್ಳೇಕೆ, ಖುಷಿಯಾಯಿತು. ವಾಸನೆ ಹಿಡಿಯುವ ನನ್ನ ಮೂಗಿನಿಂದ ಬಂದ ಹೆಸರು ಅದು. ಮೂಗಿ ಅಂದರೆ ಮಾತು ಬಾರದವಳು ಎಂದಾಗುತ್ತದೆ, ಆ ಮಾತು ನನಗೆ ಯಾರೂ ಹೇಳುವ ಹಾಗಿಲ್ಲ. ಅದಕ್ಕೇ ಮೂಗಕ್ಕ.

ಸ್ವೆಟರ್ ಕಂಪನಿಯ ಹೆಂಗಸು ಬಂದಿದ್ದಳು. ಶಾಲೆಗಳಿಗೆ ಹಾಕುವ ಕಡುನೀಲಿ ಉಣ್ಣೆ ನೂಲಿನ ದೊಡ್ಡ ಆರ್ಡರು ನಮಗೇ ಕೊಟ್ಟಿದ್ದಾಳೆ. ಕೈಯಿಂದ ಹಾಕುವ ಬಣ್ಣ ಇಷ್ಟು ಸಮನಾಗಿ ಹೇಗೆ ಕೂರುತ್ತದೆ ಎಂದು ಕೇಳಿದಳು. ಮಾಲೀಕರು ನನ್ನನ್ನೇ ಮುಂದೆ ತಳ್ಳಿದರು. ಬಣ್ಣ ನೀರಿಗೆ ಹಾಕಿದ ಮಾತ್ರಕ್ಕೆ ಉಣ್ಣೆಗೆ ಇಳಿಯುವುದಿಲ್ಲಮ್ಮ, ಹುಳಿ ಬೇಕು ಅಂದೆ. ನಮ್ಮದು ಫಾರ್ಮಿಕ್ ಆಸಿಡ್. ಹಿಂದಿನವರು ಇದನ್ನು ಮೊದಲು ತೆಗೆದದ್ದು ಇರುವೆಗಳಿಂದ. ಹಾಗಾಗಿ ನಾವು ಇರುವೆ ನೀರು ಅನ್ನುತ್ತೇವೆ. ತೆಳ್ಳಗೆ ಮಾಡಿ ಚೊಂಬು ಚೊಂಬಾಗಿ ಬಿಡಬೇಕು. ಕಡಿಮೆಯಾದರೆ ಬಣ್ಣ ನೀರಿನಲ್ಲೇ ಉಳಿದು, ಒಗೆದಾಗ ಬಿಡುತ್ತದೆ. ಅವಸರದಲ್ಲಿ ಸುರಿದರೆ ಬಣ್ಣವೆಲ್ಲ ಸಿಕ್ಕ ಕಡೆ ನುಗ್ಗಿ ಪಟ್ಟೆ ಪಟ್ಟೆಯಾಗುತ್ತದೆ. ಎಷ್ಟು ಸಾಕು ಎಂದು ಹಂಡೆಯ ಆವಿಯೇ ಹೇಳುತ್ತದೆ, ಒಂದು ಸಲ ಬಗ್ಗಿ ಮೂಸಿದರೆ ನನಗೆ ಗೊತ್ತಾಗುತ್ತದೆ. ಅವಳು ಬಗ್ಗಿ ಮೂಸಿ ಕೆಮ್ಮಿ ಕೆಮ್ಮಿ ಕೆಂಪಾದಳು. ಎಲ್ಲರೂ ನಕ್ಕೆವು.

ಒಂದು ವಿಷಯ ಮಾತ್ರ ಮನಸ್ಸಿಗೆ ಹಿಡಿಸುತ್ತಿಲ್ಲ. ನಾನು ಮಲಗಿದ್ದಾಗ ಬಂದ ಹೊಸ ಕ್ಯಾನುಗಳ ಮಾಲು ಸಪ್ಪೆಯಾಗಿದೆ. ಮೊದಲೆಲ್ಲ ಆಸಿಡ್ ಕೋಣೆಯ ಬಾಗಿಲು ತೆಗೆದರೆ ಮುಖಕ್ಕೆ ಹೊಡೆದ ಹಾಗೆ ವಾಸನೆ ಬರುತ್ತಿತ್ತು. ಇಂದು ಹಾಗೇನೂ ಇರಲಿಲ್ಲ. ನನ್ನ ಗಂಡ ಇದ್ದು ಇದನ್ನು ಅವರಿಗೆ ಹೇಳಿದ್ದರೆ, ಮಾಲು ತರುವ ಲಾರಿಯವನ ಕುತ್ತಿಗೆ ಪಟ್ಟಿ ಹಿಡಿಯುತ್ತಿದ್ದರು. ಅವರು ತೀರಿಹೋದ ಮೇಲೆ ದಿನದ ಸುದ್ದಿ ಹೇಳಿಕೊಳ್ಳಲು ನನಗೆ ಈ ಡೈರಿಯೇ ಗತಿ.

ಜನವರಿ 9, ಗುರುವಾರ

ಲಾರಿಯವನನ್ನು ಹಿಡಿದು ನಿಲ್ಲಿಸಿದೆ. ನೀರು ಬೆರೆಸಿದ ಮಾಲು ಯಾರಿಗೆ ಮಾರುತ್ತೀಯ ಎಂದು ಕೇಳಿದೆ. ಅವನು ಕ್ಯಾನಿನ ಮುಚ್ಚಳ ತೆಗೆದು ಮುಖ ಹಿಂದಕ್ಕೆಳೆದುಕೊಂಡ, ಕಣ್ಣಲ್ಲಿ ನೀರು ಬಂದಿತ್ತು.

"ಅಕ್ಕ, ಇದೇ ಮಾಲು ಚರ್ಮದ ಕಾರ್ಖಾನೆಗೂ ಇಳಿಸ್ತೀನಿ. ರಬ್ಬರ್ ಹಾಲು ಹೆಪ್ಪು ಹಾಕೋರಿಗೂ ಕೊಡ್ತೀನಿ, ದನದ ಮೇವು ಕೆಡದೇ ಇರ್ಲಿ ಅಂತ ಚಿಮುಕಿಸೋರಿಗೂ ಕೊಡ್ತೀನಿ. ಯಾರೂ ಚಕಾರ ಎತ್ತಿಲ್ಲ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

ನನಗೆ ಕುಣಿತ ಕಲಿಸಲು ಬಂದ. ನಾನೂ ಬಗ್ಗಿ ನೋಡಿದೆ. ಕಣ್ಣು ಉರಿಯಿತು, ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಾಯಿತು, ಆದರೆ ವಾಸನೆ ಮಾತ್ರ ಇಲ್ಲ. ಕಚ್ಚುವುದೂ ನಾರುವುದೂ ಬೇರೆ ಬೇರೆ ಎಂದು ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಮಣಿಕಟ್ಟಿನ ಮೇಲೆ ಒಂದು ಹನಿ ಸಿಡಿದಿತ್ತು, ಸಂಜೆಯ ಹೊತ್ತಿಗೆ ಗುಳ್ಳೆ ಎದ್ದಿದೆ. ನೀರು ಬೆರೆಸಿದ್ದೂ ಹೀಗೆ ಸುಡುತ್ತದೆ ಅಂದರೆ ಉರಿ ಬರಲಿ ಎಂದು ಬೇರೆ ಏನೋ ಕೆಟ್ಟದ್ದು ಸೇರಿಸಿದ್ದಾರೆ. ಹಾಲಿಗೆ ನೀರು ಬೆರೆಸಿ ಗಟ್ಟಿಯಾಗಲಿ ಎಂದು ಹಿಟ್ಟು ಕದಡುವವರು ಇಲ್ಲವೇ, ಇವರೂ ಅದೇ ಜಾತಿ.

ಪ್ರತಿ ಹಂಡೆಗೆ ಎರಡು ಚೊಂಬು ಇರುವೆ ನೀರು ಜಾಸ್ತಿ ಬಿಡಲು ಶುರು ಮಾಡಿದ್ದೇನೆ. ಬೇರೆ ದಾರಿಯಿಲ್ಲ.

ಜನವರಿ 13, ಸೋಮವಾರ

ಮೊದಲ ಕಡುನೀಲಿ ಹಾಳಾಯಿತು.

ನೂಲಿನ ಲಡಿಗಳನ್ನು ಎತ್ತಿ ಹಿಂಡಿ ನೇತು ಹಾಕುವಾಗಲೇ ನೋಡಿದೆ. ಒಂದು ಕಡೆ ಕಪ್ಪಿಗೆ ತಿರುಗಿದ ನೀಲಿ, ಪಕ್ಕದಲ್ಲೇ ಬೂದು, ಅದರ ಪಕ್ಕ ಮೈ ಮೇಲೆ ಪೆಟ್ಟು ಬಿದ್ದ ಹಾಗೆ ಕಂದಿದ ಬಣ್ಣ. ಸಾಲಾಗಿ ತೂಗುತ್ತಿದ್ದವು. ನಾನು ಬಣ್ಣ ಹಾಕಿದ ನೂಲು ಹೀಗಾದದ್ದು ಇಲ್ಲಿಯವರೆಗೆ ಇಲ್ಲ. ಹೊಸದಾಗಿ ಸೇರಿದವರ ಹಂಡೆಯಲ್ಲಿ ಆಗುತ್ತದೆ, ಆಗ ನಾನೇ ಬೈಯುತ್ತೇನೆ. ಇಂದು ಬೈಯಲು ಯಾರೂ ಇರಲಿಲ್ಲ. ಮಾಲೀಕರು ಒಂದು ಲಡಿ ಕೈಯಲ್ಲಿ ತಿರುಗಿಸಿ ನೋಡಿ ವಾಪಸ್ ನೇತು ಹಾಕಿ ಹೋದರು. ಒಂದು ಮಾತು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಹುಳಿ ಜಾಸ್ತಿಯಾದರೆ ಆಗುವ ಪಟ್ಟೆ ಇದು ಎಂದು ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ತಂಗಿ ಮೆಲ್ಲಗೆ ಅಂದಳು. ಹುಳಿಯೇ ಇಲ್ಲದ ಆಸಿಡ್‌ನಿಂದ ಹುಳಿ ಜಾಸ್ತಿ ಹೇಗಾಗುತ್ತದೆ ಎಂದು ಕೇಳಿದೆ. ಹಂಡೆಯಲ್ಲಿ ಲಡಿ ತಿರುಗಿಸಲು ಅವಳಿಗೆ ಕಲಿಸಿದವಳು ನಾನು.

ಜನವರಿ 14, ಮಂಗಳವಾರ

ಹಾಲು ಒಲೆಯ ಮೇಲಿಟ್ಟು ಪಕ್ಕದಲ್ಲೇ ಕೂತಿದ್ದೆ. ತಂಗಿ ಹಿತ್ತಲಿನಿಂದ ಓಡಿ ಬಂದು ಪಾತ್ರೆ ಎತ್ತಿ ಬಚ್ಚಲಿಗೆ ಎಸೆದಳು. ತಳ ಕರ್ರಗೆ ಇದ್ದಲಾಗಿತ್ತು. ಸೀದ ವಾಸನೆ ಬೀದಿಗೆಲ್ಲ ಬರುತ್ತಿದೆಯಲ್ಲೇ, ನಿನಗೆ ಗೊತ್ತಾಗಲಿಲ್ವಾ ಅಂದಳು. ಏನೋ ಯೋಚನೆಯಲ್ಲಿದ್ದೆ. ಯೋಚನೆ ಇರುವವರಿಗೆ ಹಾಲು ಕಾಣುವುದಿಲ್ಲ.

ಜನವರಿ 17, ಶುಕ್ರವಾರ

ತಂಗಿ ನನ್ನ ಬೆನ್ನ ಹಿಂದೆ ಕಾಗದ ಅದ್ದಿ ನೋಡುತ್ತಿದ್ದಾಳೆ!

ಕಪಾಟಿನಲ್ಲಿ ಲಿಟ್ಮಸ್ ಕಾಗದದ ಪುಟ್ಟ ಡಬ್ಬಿ ಯಾವ ಕಾಲದಿಂದಲೋ ಬಿದ್ದಿದೆ. ನೀಲಿ ಕಾಗದ ಹುಳಿಗೆ ಕೆಂಪಾಗುತ್ತದೆ. ಹೊಸಬರಿಗೆ ತೋರಿಸಲು ಇಟ್ಟದ್ದು, ನಾನು ಅದನ್ನು ಮುಟ್ಟಿದವಳಲ್ಲ. ಇಂದು ಹಂಡೆಯಿಂದ ತಿರುಗಿದರೆ ಇವಳು ಒಂದು ಚೂರು ಕಾಗದ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಕಾಗದ ಕೆಂಪಗಾಗಿತ್ತು. "ಅಕ್ಕ, ಹುಳಿ ಬೇಕಾದಷ್ಟಿದೆ. ಇನ್ನು ಬಿಡ್ಬೇಡ" ಅಂದಳು.

ಎಲ್ಲರೂ ಕೇಳಿಸಿಕೊಂಡರು. ಹಳೇ ಕಾಗದ, ಸುಮ್ಮನೆ ಗಾಳಿಗೂ ಕೆಂಪಾಗುತ್ತದೆ ಅಂದೆ. ಮೂಗಿಗಿಂತ ಮೂಗುತಿ ಭಾರ ಎಂದು ಹೇಳಿ ಅದನ್ನು ಅವಳ ಕೈಯಿಂದ ಕಿತ್ತು ಒಲೆಗೆ ಹಾಕಿದೆ. ಆಮೇಲೆ ಎಲ್ಲರೂ ನೋಡುತ್ತಿರುವಾಗಲೇ ಇನ್ನೊಂದು ಚೊಂಬು ಬಿಟ್ಟೆ.

ಆ ಹಂಡೆಯೂ ಹಾಳಾಯಿತು. ಇವಳು ಕಣ್ಣು ಹಾಕಿದ್ದಕ್ಕೇ ಹಾಳಾಯಿತು ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ.

ಜನವರಿ 20, ಸೋಮವಾರ

ಮಾಲೀಕರು ತಮ್ಮ ಕೋಣೆಗೆ ಕರೆದು ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟಾಗಲೇ ಒಳ್ಳೆಯ ಸುದ್ದಿಯಲ್ಲ ಎಂದು ತಿಳಿಯಿತು. ಇವರ ತಂದೆ ಮಾಲೀಕರಾಗಿದ್ದಾಗ ನನ್ನ ಮುಂದೆ ಕೂತದ್ದೂ ಇಲ್ಲ, ನನ್ನನ್ನು ಕೂರಿಸಿದ್ದೂ ಇಲ್ಲ, ಇಬ್ಬರೂ ಹಂಡೆಯ ಹತ್ತಿರ ನಿಂತೇ ಮಾತಾಡುತ್ತಿದ್ದೆವು.

ಸ್ವೆಟರ್ ಕಂಪನಿ ಇನ್ನು ಒಂದೇ ಸಲ ನೋಡುತ್ತದಂತೆ. ಆಮೇಲೂ ಹೀಗೇ ಆದರೆ ಹಂಡೆಗಳನ್ನು ತೆಗೆಸಿ ಯಂತ್ರ ಕೂರಿಸುತ್ತಾರಂತೆ, ಹುಳಿ ಎಷ್ಟಿದೆ ಎಂದು ಅದರ ಮೀಟರೇ ಹೇಳುತ್ತದಂತೆ. ನಾನು ಆಸಿಡ್‌ನದೇ ತಪ್ಪು ಅಂದೆ. ಅವರು ನನ್ನ ಮುಖ ನೋಡಿ, "ನಿಮ್ಮ ಮಾತು ನಾನು ಯಾವತ್ತೂ ತೆಗೆದುಹಾಕಿಲ್ಲ. ಆದ್ರೆ ಉಳಿದವರೆಲ್ಲ ಮಾಲು ಚೆನ್ನಾಗಿದೆ ಅಂತಿದಾರೆ" ಅಂದರು.

ಉಳಿದವರೆಲ್ಲ ಅಂದರೆ ಯಾರು ಎಂದು ನಾನು ಕೇಳಲಿಲ್ಲ. ತಂಗಿಯೇ ಮೊದಲು ಎಂದು ನನಗೆ ಗೊತ್ತು.

ಹಂಡೆ ಹೋದರೆ ನಾನು ಏನು? ಮನೆಯಲ್ಲಿ ಗಂಡನಿಲ್ಲ, ಮಕ್ಕಳಾಗಲಿಲ್ಲ. ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೂ ಇಲ್ಲ, ಎಲ್ಲರಿಗೂ ನಾನು ಮೂಗಕ್ಕ. ಅದೊಂದು ಇದೆ ಎಂದು ಬೆಳಿಗ್ಗೆ ಏಳುತ್ತೇನೆ. ಅದೂ ಹೋದರೆ ಏಳುವುದು ಯಾತಕ್ಕೆ ಎಂದು ನನಗೆ ಗೊತ್ತಿಲ್ಲ.

ಜನವರಿ 22, ಬುಧವಾರ

ತಡೆಯಲಾಗದೆ ನನ್ನ ಗಂಡನ ಕೋಟು ತೆಗೆದೆ.

ಅವರು ಬಾಯ್ಲರ್ ಮನೆಯಲ್ಲಿ ಹಾಕಿಕೊಳ್ಳುತ್ತಿದ್ದ ಕೋಟು. ಒಗೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ಗಂಟು ಬಿಗಿದು ಟ್ರಂಕಿನ ತಳದಲ್ಲಿಟ್ಟಿದ್ದೇನೆ. ಪದೇ ಪದೇ ತೆಗೆದರೆ ವಾಸನೆ ಖಾಲಿಯಾಗುತ್ತದೆ. ಅದಕ್ಕೇ ಇನ್ನು ಆಗುವುದೇ ಇಲ್ಲ ಎಂಬ ದಿನಕ್ಕೆ ಮಾತ್ರ ತೆಗೆಯುವುದು. ಗಂಟು ಬಿಚ್ಚಿ ಕಾಲರಿಗೆ ಮುಖ ಇಟ್ಟರೆ ಸಾಕು, ಯಂತ್ರದ ಎಣ್ಣೆ, ತಂಬಾಕು, ಅವರ ಕುತ್ತಿಗೆ. ಕಣ್ಣು ಮುಚ್ಚಿದರೆ ಪಕ್ಕದಲ್ಲೇ ಇರುತ್ತಾರೆ.

ಇಂದು ಏನೂ ಇರಲಿಲ್ಲ. ಕಾಲರು, ಕಂಕುಳು, ಜೇಬಿನ ಒಳಗು, ಎಲ್ಲ ಕಡೆ ಮೂಸಿದೆ. ಬರೀ ಬಟ್ಟೆ. ಅಂಗಡಿಯಲ್ಲಿ ನೇತು ಹಾಕಿದ ಯಾರದೋ ಕೋಟಿನ ಹಾಗಿತ್ತು.

ತಂಗಿ ಒಗೆದಿದ್ದಾಳೆ. ನಾನು ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಾಗ ಮನೆಯ ಹೊದಿಕೆ ಹಚ್ಚಡವನ್ನೆಲ್ಲ ಒಗೆದೆ ಎಂದು ಅವಳೇ ಹೇಳಿದ್ದಳು. ಆಗಲೇ ಇದನ್ನೂ ಮುಗಿಸಿದ್ದಾಳೆ. ಕೇಳಿದೆ. "ಭಾವನ ಕೋಟು ನಾನ್ಯಾಕೆ ಮುಟ್ಲಿ? ಟ್ರಂಕಿನ ಬೀಗದ ಕೈ ನಿನ್ನ ಸೊಂಟದಲ್ಲೇ ಇತ್ತಲ್ಲ ಅಕ್ಕ" ಅಂದಳು. ಅತ್ತಳು ಕೂಡ. ಅಳುವುದು ಅವಳಿಗೆ ಚಿಕ್ಕಂದಿನಿಂದಲೂ ಸುಲಭ.

ಅವರು ಎರಡನೇ ಸಲ ಸತ್ತರು ಎಂದು ಬರೆದರೆ ಯಾರಾದರೂ ನಗಬಹುದು. ಇದನ್ನು ಓದುವವರು ಯಾರೂ ಇಲ್ಲ.

ಜನವರಿ 23, ಗುರುವಾರ

ಎಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತಿದೆ. ನಾನು ಮಲಗಿದ್ದಾಗ ಆಸಿಡ್ ಕೋಣೆಯ ಕೀಲಿ ಇದ್ದದ್ದು ತಂಗಿಯ ಹತ್ತಿರ. ಬಾಯ್ಲರ್‌ನವನು ಒಳಗೆ ಕಟ್ಟಿದ ಸುಣ್ಣ ಕರಗಿಸಲು ಇರುವೆ ನೀರು ಕೇಳಿದ್ದ, ಸ್ವಲ್ಪ ಕೊಟ್ಟೆ ಎಂದು ಇವಳೇ ಒಪ್ಪಿಕೊಂಡಿದ್ದಾಳೆ. ಸ್ವಲ್ಪವೋ ಎಷ್ಟೋ. ಕಡಿಮೆಯಾದದ್ದು ಕಾಣದಿರಲಿ ಎಂದು ಕ್ಯಾನುಗಳಿಗೆ ನೀರು ತುಂಬಿದ್ದಾಳೆ. ನಾನು ಕಂಡುಹಿಡಿಯಬಾರದು ಎಂದು ಕಾಗದದ ಆಟ ಬೇರೆ.

ಮಾಲೀಕರಿಗೆ ಹೇಳಿದೆ. ಸ್ವಂತ ತಂಗಿಯ ಮೇಲೆ ಯಾರಾದರೂ ಸುಮ್ಮನೆ ಹೇಳುತ್ತಾರೆಯೇ ಎಂದು ಅವರೂ ನಂಬಿದರು. ನಾಳೆಯಿಂದ ಬರುವುದು ಬೇಡ ಎಂದು ಅವಳಿಗೆ ಹೇಳಿ ಕಳಿಸಿದರು.

ಮಾಡಬೇಕಾದ್ದನ್ನು ಮಾಡಿದ್ದೇನೆ.

ಜನವರಿ 24, ಶುಕ್ರವಾರ

ತಂಗಿ ಬಟ್ಟೆಯ ಗಂಟು ಕಟ್ಟಿಕೊಂಡು ಚಿಕ್ಕಮ್ಮನ ಮನೆಗೆ ಹೋದಳು. ಹೊಸ್ತಿಲ ಹತ್ತಿರ ನಿಂತು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಲ್ಲ ಅಕ್ಕ. ಒಲೆ ಹಚ್ಚಿ ಮರೀಬೇಡ" ಅಂದಳು.

ಜನವರಿ 28, ಮಂಗಳವಾರ

ಮಾಲೀಕರು ಬೇರೆ ಕಂಪನಿಯ ಆಸಿಡ್ ತರಿಸಿದರು. ಸೀಲು ಒಡೆದದ್ದು ನಾನೇ, ನನ್ನ ಕೈಯಿಂದಲೇ. ಕಣ್ಣು ಉರಿಯಿತು, ಮೂಗು ಚುಚ್ಚಿತು, ವಾಸನೆಯಿಲ್ಲ. ಹಾಗಾದರೆ ಇವರೂ ಕಳ್ಳರು. ಇಡೀ ಲೋಕಕ್ಕೆ ಲೋಕವೇ ಸೇರಿಕೊಂಡು ನನ್ನೊಬ್ಬಳಿಗೆ ಮೋಸ ಮಾಡುತ್ತಿದೆ.

ನಾಳೆ ಸ್ವೆಟರ್ ಕಂಪನಿಯವರ ಕೊನೆಯ ಹಂಡೆ. ಊಟ ಸೇರದೆ ಅಡುಗೆಮನೆಯ ಕಿಟಕಿಯ ಹತ್ತಿರ ಕೂತಿದ್ದೆ. ಈರುಳ್ಳಿ ಹೆಚ್ಚಿ ಕಣ್ಣಲ್ಲಿ ನೀರು ಬಂದಿತ್ತು, ಅಷ್ಟೇ. ಕಿಟಕಿಯ ಕಟ್ಟೆಯ ಮೇಲೆ ಇರುವೆಗಳು ಸಾಲು ಹಿಡಿದು ಹೋಗುತ್ತಿದ್ದವು. ಅಮ್ಮ ನಮಗೆ ಚಿಕ್ಕಂದಿನಲ್ಲಿ ಇರುವೆ ಹೊಸಕಿ ಬೆರಳು ಮೂಸಿಸುತ್ತಿದ್ದಳು, ನಾನು ಮುಖ ಹಿಂಡುತ್ತಿದ್ದೆ, ತಂಗಿ ನಗುತ್ತಿದ್ದಳು. ಈ ಕೆಲಸಕ್ಕೆ ಸೇರಿದ ಮೊದಲ ದಿನ ಆಸಿಡ್ ಕೋಣೆಯಲ್ಲಿ ನನಗೆ ನೆನಪಾದದ್ದು ಅದೇ ಬೆರಳು.

ಒಂದು ಇರುವೆಯನ್ನು ಹೊಸಕಿ ಮೂಸಿದೆ. ಏನೂ ಇಲ್ಲ. ಇನ್ನೊಂದು ಹೊಸಕಿದೆ. ಮತ್ತೊಂದು. ಅಂಗೈ ತುಂಬ ಇರುವೆ ಕೊಂದುಕೊಂಡು ಕೂತೆ.

ಇರುವೆಗೆ ನೀರು ಬೆರೆಸಿದವರು ಯಾರು?

ಜನವರಿ 29, ಬುಧವಾರ

ಬೆಳಕು ಹರಿಯುತ್ತಲೇ ಚಿಕ್ಕಮ್ಮನ ಮನೆಗೆ ಹೋದೆ. ಕೋಟಿನ ಚೀಲ ಎದೆಗವಚಿಕೊಂಡಿದ್ದೆ. ಬಾಗಿಲು ತೆಗೆದವಳು ತಂಗಿ. ಬಾಗಿಲಲ್ಲೇ ನಿಂತಳು.

ಚೀಲ ಅವಳ ಕೈಗಿಟ್ಟು, ಮೂಸಿ ನೋಡೇ ಅಂದೆ. ಅವಳು ನನ್ನ ಮುಖ ನೋಡಿದಳು. ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು. ಗಂಟು ಬಿಚ್ಚಿ ಕಾಲರಿಗೆ ಮುಖ ಇಟ್ಟಳು. ತುಂಬ ಹೊತ್ತು ಮುಖ ಎತ್ತಲೇ ಇಲ್ಲ. ಎತ್ತಿದಾಗ ಅವಳ ಕಣ್ಣು ತುಂಬಿತ್ತು.

"ಭಾವ ಈಗ ತಾನೇ ಬಿಚ್ಚಿಟ್ಟು ಹೋದ ಹಾಗಿದೆ ಕಣೇ. ಎಣ್ಣೆ, ತಂಬಾಕು... ಎಲ್ಲ ಇದೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹಾಲು, ಹಂಡೆ, ಲಾರಿಯವನು, ಅವಳ ಕೈಯ ಕೆಂಪು ಕಾಗದ, ಎಲ್ಲ ಒಟ್ಟಿಗೆ ತಲೆಗೆ ಬಂತು. "ನಂಗೆ ವಾಸನೆ ಬರ್ತಿಲ್ಲ ಕಣೇ, ನಂಗೆ ಏನೂ ಬರ್ತಿಲ್ಲ" ಅಂದೆ. ಯಾವಾಗಿನಿಂದ ಎಂದು ಕೇಳಿದಳು. ಜ್ವರದಿಂದ ಅಂದೆ. ಅಂದ ಮೇಲೆ ನನಗೂ ಗೊತ್ತಾಯಿತು.

ಬೈಯುತ್ತಾಳೆ ಎಂದು ಕಾದೆ. ಅವಳು ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದು, ಹೊತ್ತಾಯಿತು ನಡಿ, ಹಂಡೆಗೆ ಬೆಂಕಿ ಹಾಕುತ್ತಾರೆ ಅಂದಳು.

ಮಾಲೀಕರ ಕೋಣೆಯಲ್ಲಿ ಕುರ್ಚಿ ಬೇಡ ಅಂದೆ. ನಿಂತೇ ಎಲ್ಲ ಹೇಳಿದೆ. ತಂಗಿಯ ಮೇಲೆ ಹೇಳಿದ್ದು ಸುಳ್ಳು ಎಂಬುದನ್ನೂ. ಅವರು ನನ್ನ ಮುಖ ನೋಡಲಾಗದೆ ಮೇಜು ನೋಡುತ್ತಿದ್ದರು. ಆಮೇಲೆ ಕೊನೆಯ ಹಂಡೆಗೆ ಅವಳನ್ನೇ ನಿಲ್ಲಿಸಿದರು. ಅವಳು ಕಾಗದ ಅದ್ದಿ ನೋಡಿ, ಕಾದು, ಮತ್ತೆ ಅದ್ದಿ, ಒಂದೊಂದೇ ಚೊಂಬು ಬಿಟ್ಟಳು. ನಾನು ಪಕ್ಕದಲ್ಲಿ ನಿಂತಿದ್ದೆ. ಆವಿ ಬಂತು, ಬರೀ ಬಿಳಿ ಆವಿ. ನೀರಿನಲ್ಲಿದ್ದ ನೀಲಿಯೆಲ್ಲ ನೂಲಿಗೆ ಇಳಿದು ಹಂಡೆಯ ತಳ ಕಾಣುವ ಹಾಗೆ ನೀರು ತಿಳಿಯಾದಾಗ ಅವಳು "ಸಾಕು" ಅಂದಳು. ಆ ಮಾತು ಹೇಳುವವಳು ನಾನಾಗಿದ್ದೆ.

ನೂಲು ಸಮನಾಗಿ ಬಂತು. ಎಲ್ಲೂ ಒಂದು ಕಲೆಯಿಲ್ಲ.

ಫೆಬ್ರವರಿ 9, ಭಾನುವಾರ

ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ವಾಸನೆ ಹಿಡಿಯುವ ಶಕ್ತಿಯನ್ನು ಜ್ವರ ತಿಂದು ಹಾಕಿದೆ, ವಾಪಸ್ ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು. ಅಷ್ಟು ಹೇಳಲು ನಾನೂ ಸಾಕಿತ್ತು.

ಸ್ವೆಟರ್ ಕಂಪನಿಯ ಆರ್ಡರು ಉಳಿಯಿತು. ಹಂಡೆಗಳು ಸದ್ಯಕ್ಕೆ ಇರುತ್ತವೆ, ಹಂಡೆಯ ಮುಂದೆ ತಂಗಿ ನಿಲ್ಲುತ್ತಾಳೆ. ನನಗೆ ಒಣಗಿದ ಲಡಿ ಬಿಡಿಸಿ ಸುತ್ತುವ ಕೋಣೆ ಕೊಟ್ಟಿದ್ದಾರೆ. ಅಲ್ಲಿಯೂ ಎಲ್ಲರೂ ಮೂಗಕ್ಕ ಅಂತಲೇ ಕರೆಯುತ್ತಾರೆ. ಲಾರಿಯವನು ಕೂಡ ನಿನ್ನೆ ಹಾಗೇ ಕರೆದು, ತಕ್ಷಣ ನಾಲಿಗೆ ಕಚ್ಚಿಕೊಂಡ. ಕರೆಯಪ್ಪ, ಪರವಾಗಿಲ್ಲ ಅಂದೆ. ಪರವಾಗಿಲ್ಲದೆ ಇರಲಿಲ್ಲ. ಸುತ್ತುತ್ತ ಸುತ್ತುತ್ತ ಎಷ್ಟೋ ಸಲ ನೂಲನ್ನು ಮೂಗಿನ ಹತ್ತಿರ ಹಿಡಿಯುತ್ತೇನೆ, ಆಮೇಲೆ ಯಾರಾದರೂ ನೋಡಿದರೇನೋ ಎಂದು ಕೆಳಗಿಡುತ್ತೇನೆ.

ತಂಗಿ ಮನೆಗೆ ವಾಪಸ್ ಬಂದಿದ್ದಾಳೆ. ಕ್ಷಮಿಸು ಅಂದೆ. ಅವಳು ಆಯ್ತು ಅಂದಳು, ಆದರೆ ಮೊದಲಿನ ಹಾಗೆ ಮಾತಿಗೆ ಮಾತು ತಿರುಗಿಸುವುದಿಲ್ಲ. ನಾನು ಅಡುಗೆಗೆ ಹೆಸರಿಟ್ಟರೂ ಸುಮ್ಮನಿರುತ್ತಾಳೆ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ಇಂದು ಮಧ್ಯಾಹ್ನ ಟ್ರಂಕು ಒರೆಸುವಾಗ ಕೋಟಿನ ಚೀಲ ಮೇಲೆಯೇ ಇತ್ತು. ಆ ದಿನ ಅವಸರದಲ್ಲಿ ಅವಳು ಕಟ್ಟಿದ ಗಂಟು ಸಡಿಲವಾಗಿತ್ತು. ಅವಳೇ ನೋಡಿದಳು. ಎತ್ತಿಕೊಂಡು ನನ್ನ ಮುಂದೆ ಹಿಡಿದು, "ಬಿಚ್ಲಾ? ನಾನು ಮೂಸಿ ಹೇಳ್ತೀನಿ, ನೀನು ಕಣ್ಣು ಮುಚ್ಕೋ" ಅಂದಳು. ಬಂದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಬೇಡ ಅಂದೆ. ಸುಮ್ಮನೆ ಬಿಚ್ಚಿದರೆ ಖಾಲಿಯಾಗುತ್ತದೆ. ಯಾರಿಗೆಂದು ಉಳಿಸುತ್ತಿದ್ದೇನೋ ನನಗೇ ಗೊತ್ತಿಲ್ಲ. ಗಂಟನ್ನು ಇನ್ನೂ ಬಿಗಿಯಾಗಿ ಹಾಕು ಎಂದು ಹೇಳಿ, ಅವಳು ಎಳೆಯುವಾಗ ಚೀಲದ ಬಾಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.